ಹನ್ನೊಂದನೆಯ ಓಲೆ

"ಗುರುಗಳೇ, ಹುಡುಕಿದವರಿಗೆ ನನ್ನ ಸರ್ವರ್ ಹತ್ತು ಹತ್ತು ಹೆಸರು ತೋರಿಸುತ್ತದೆ. 'ಮುಂದಿನ ಪುಟ' ಒತ್ತಿದಾಗ ಒಮ್ಮೊಮ್ಮೆ ನಡುವಿನ ಒಂದು ಹೆಸರು ತಪ್ಪಿಹೋಗುತ್ತದೆ. ಒಂದು ಹೆಸರಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ?" ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಹೊಳೆ ಉಕ್ಕಿ ಊರುಗಳು ಚೆದುರಿದ ವರ್ಷ, ದಿಕ್ಕಿಲ್ಲದ ಹೆಂಗಸರಿಗೆ ಒಂದು ಛತ್ರದಲ್ಲಿ ಆಶ್ರಯ ಕೊಟ್ಟಿದ್ದರು. ಬಂದ ಕ್ರಮದಲ್ಲಿ ಒಬ್ಬೊಬ್ಬರಿಗೂ ಒಂದು ಓಲೆ. ಅದರಲ್ಲಿ ಹೆಸರು, ಊರು. ಮನೆಯವರು ಬಂದು ಕರೆದೊಯ್ದರೆ ಆ ಓಲೆಯನ್ನು ಕಟ್ಟಿನಿಂದ ತೆಗೆಯುತ್ತಿದ್ದರು. ಹುಡುಕಿ ಬಂದವರು ಒಳಗೆ ಹೋಗುವಂತಿರಲಿಲ್ಲ. ಜಗಲಿಯಲ್ಲಿ ಕುಳಿತು, ದಿನಕ್ಕೆ ಹತ್ತು ಓಲೆ ನೋಡಬಹುದಿತ್ತು.

ಒಬ್ಬ ಕಂಬಳಿ ನೇಯುವವನು ತಂಗಿಯನ್ನು ಹುಡುಕಿ ಬಂದ. ಅವನಿಗೆ ಉಳಿದಿದ್ದವಳು ಅವಳೊಬ್ಬಳೇ. ಛತ್ರದ ಉಸ್ತುವಾರಿಯ ಪಾರುಪತ್ತೇಗಾರ ಹೇಳಿದ: "ನೋಡಪ್ಪಾ, ಬರುವವರು ನೂರಾರು ಜನ. ಯಾರು ಎಲ್ಲಿಯವರೆಗೆ ನೋಡಿದರೆಂದು ನನಗೆ ನೆನಪಿರುವುದಿಲ್ಲ. ಎಷ್ಟನೆಯ ಹತ್ತು ಬೇಕೆಂದು ದಿನವೂ ನೀನೇ ಹೇಳಬೇಕು."

ಮೊದಲ ದಿನ ಅವನು ಮೊದಲ ಹತ್ತು ನೋಡಿದ. ತಂಗಿಯದು ಹನ್ನೊಂದನೆಯದಾಗಿತ್ತು. ಆ ಮಧ್ಯಾಹ್ನ ಮೊದಲ ಹತ್ತರಲ್ಲಿದ್ದ ಒಬ್ಬಳನ್ನು ಗಂಡ ಬಂದು ಕರೆದುಕೊಂಡು ಹೋದ. ತಂಗಿಯ ಓಲೆ ಹತ್ತನೆಯದಾಯಿತು. ಮರುದಿನ ಅಣ್ಣ, "ಎರಡನೆಯ ಹತ್ತು ಕೊಡಿ ಸ್ವಾಮಿ" ಎಂದ. ಪಾರುಪತ್ತೇಗಾರ ಮೊದಲ ಹತ್ತನ್ನು ಎಣಿಸಿ ಬದಿಗಿಟ್ಟು, ಕೇಳಿದ್ದನ್ನೇ ಕೊಟ್ಟ. ತಂಗಿಯ ಓಲೆ ಬದಿಗಿಟ್ಟ ಹತ್ತರಲ್ಲೇ ಉಳಿಯಿತು. ಆ ಪೆದ್ದ ಅಣ್ಣ 'ನಿನ್ನೆ ಕೊನೆಗೆ ನೋಡಿದ ಓಲೆಯ ಮುಂದಿನವು' ಎಂದಿದ್ದರೆ ಸಾಕಾಗಿತ್ತು, ತಂಗಿ ಅಲ್ಲೇ ಸಿಗುತ್ತಿದ್ದಳು.

ಅವನು ಮೂರನೆಯ ಹತ್ತನ್ನೂ ನೋಡಿದ, ನಾಲ್ಕನೆಯದನ್ನೂ ನೋಡಿದ. ಓಲೆಗಳು ಮುಗಿದವು. ಜಗಲಿಯಲ್ಲೇ ಕುಳಿತು ಗಟ್ಟಿಯಾಗಿ ಅತ್ತ. ಹೊಳೆಯ ದಡದಲ್ಲಿ ತಂಗಿಗೆ ಎಳ್ಳುನೀರು ಬಿಟ್ಟು ಊರಿಗೆ ಹೋದ.

ಒಳಗೆ ತಂಗಿ, ಹೊರಗಿನಿಂದ ಯಾರ ಹೆಸರು ಕೂಗಿದರೂ ಎದ್ದು ನಿಲ್ಲುತ್ತಿದ್ದಳು. ಜೊತೆಯವರು ಒಬ್ಬೊಬ್ಬರಾಗಿ ಹೊರಟುಹೋದರು. ಕೊನೆಗೆ ಕಟ್ಟಿನಲ್ಲಿ ಉಳಿದದ್ದು ಅವಳದೊಂದೇ ಓಲೆ. ಅಣ್ಣ ತನ್ನನ್ನು ಹುಡುಕಲೇ ಇಲ್ಲ ಎಂದುಕೊಂಡು ಅವಳು ಅಲ್ಲಿಯೇ ಮುದುಕಿಯಾದಳು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಅಣ್ಣ ಇನ್ನೊಂದು ಸಲವಾದರೂ ಬಂದು ನೋಡಬಾರದಿತ್ತೇ?" ಎಂದ.

ಗುರು ಹೇಳಿದರು: "ಯಾಕೆ ಬರುತ್ತಾನೆ? ಅವನು ಕೊನೆಯ ಓಲೆಯವರೆಗೂ ನೋಡಿದ್ದನಲ್ಲ."