ನೆನೆಸದ ಅಗಸೆ ಹಿಂಡಿ

ಮುಂಗುಸಿ ತಾಯಿಕೋಳಿಯನ್ನು ಹೊತ್ತೊಯ್ದ ಮೇಲೆ ಉಳಿದಿದ್ದ ಒಂದೇ ಒಂದು ಮರಿಯನ್ನು ಮುದಿ ಹಸು ಕೆಂದವ್ವ ತನ್ನ ಗೋದಲಿಗೆ ಕರೆದು, ಎಣ್ಣೆ ತೆಗೆದ ಅಗಸೆಯ ಹಿಂಡಿಯನ್ನು ಮುಂದಿಟ್ಟಳು.

"ಕೆಂದವ್ವಾ, ಹಾಗೇ ಕೊಡಬೇಡ," ಎಂದಿತು ಹಿಂಡಿ. "ನನ್ನಲ್ಲಿ ಜೀವಸತ್ವಕ್ಕೆ ಅಡ್ಡ ಬರುವ ನಂಜಿದೆ. ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ ಕೊಡು."

"ಹತ್ತು ವರ್ಷದಿಂದ ನಿನ್ನನ್ನೇ ತಿಂದಿದ್ದೇನೆ, ನನಗೇನಾಯಿತು? ನೆನೆಸಿದರೆ ರುಚಿ ಹೋಗುತ್ತದೆ. ತಾಯಿಲ್ಲದ ಕೂಸು, ಹೊಟ್ಟೆ ತುಂಬ ತಿನ್ನಲಿ."

ಮರಿ ದಿನವೂ ತಿಂದಿತು, ಜೋಳವನ್ನೂ ಹೆಕ್ಕಿತು. ಆದರೆ ರೆಕ್ಕೆ ಬಲಿಯಲಿಲ್ಲ, ಕುತ್ತಿಗೆ ನಡುಗತೊಡಗಿತು.

"ಅವ್ವಾ, ಹೊಟ್ಟೆ ತುಂಬಿದೆ, ಕಾಲಲ್ಲಿ ಮಾತ್ರ ಬಲವಿಲ್ಲ," ಎಂದಿತು ಮರಿ ಒಂದು ಬೆಳಿಗ್ಗೆ.

"ಇನ್ನೆರಡು ತುತ್ತು ತಿನ್ನು ಕೂಸೇ, ಬರುತ್ತದೆ."

ಮಧ್ಯಾಹ್ನದ ಹೊತ್ತಿಗೆ ಮರಿ ಅವಳ ಗೊರಸಿನ ಪಕ್ಕದಲ್ಲೇ ತಣ್ಣಗಾಯಿತು.

"ಜೋಳ ತಿಂದಿತ್ತಲ್ಲ! ಅದರಲ್ಲಿ ಜೀವಸತ್ವ ಇರಲಿಲ್ಲವೇ?" ಎಂದು ಕೆಂದವ್ವ ಕೂಗಿದಳು.

"ಇತ್ತು. ಅದನ್ನು ಮೈಗೆ ಹತ್ತಿಸುವ ಒಳಗಿನ ಕೆಲಸಗಾರರ ಕೈಯನ್ನೇ ನನ್ನ ನಂಜು ಕಟ್ಟಿಹಾಕಿತು. ನಿನ್ನ ಹೊಟ್ಟೆಯೊಳಗೆ ಆ ಸತ್ವವನ್ನು ದಿನವೂ ಹೊಸದಾಗಿ ಮಾಡುವ ಅಡುಗೆಮನೆಯಿದೆ. ಮರಿಗೆ ಅದೆಲ್ಲಿತ್ತು, ಕೆಂದವ್ವಾ?"

ಇನ್ನೊಂದು ಮರಿ ಬಂದರೆ ಹೀಗಾಗದಿರಲೆಂದು ಕೆಂದವ್ವ ಉಳಿದ ಹಿಂಡಿಯನ್ನು ಮೂತಿಯಿಂದ ನೂಕಿ ನೀರಿನ ಬಾನಿಗೆ ಕೆಡವಿ, ಅದು ನೆನೆಯುವ ತನಕ ಕಾಯುತ್ತ ನಿಂತಳು.