ಹಾಲಮ್ಮನ ಕೆರೆಗೆ ಹೆಸರು ಬಂದದ್ದು

ಎರೆಹೊಲಗಳು ಮುಗಿದು ಕೆಂಗಲ್ಲಿನ ಗುಡ್ಡಗಳು ತಲೆಯೆತ್ತುವಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ ಒಂದು ಹಳೆಯ ಕೆರೆಯಿದೆ. ಅದರ ಒಡ್ಡು ಇಂದಿಗೂ ಗಟ್ಟಿಯಾಗಿದೆ. ಎತ್ತಿನ ಬಂಡಿಗಳು ಓಡಾಡುತ್ತಿದ್ದ ಅದರ ನೆತ್ತಿಯ ಮೇಲೆ ಈಗ ಟ್ರ್ಯಾಕ್ಟರುಗಳು ಓಡಾಡುತ್ತವೆ. ಒಡ್ಡಿನ ಮೂಡಣ ತುದಿಯಲ್ಲಿ, ಬೇವಿನ ಮರದ ಬುಡದಲ್ಲಿ, ಮೊಣಕಾಲೆತ್ತರದ ಒಂದು ಮಣ್ಣಿನ ಕಟ್ಟೆ. ಕಟ್ಟೆಯ ಮೇಲೆ ಮೂರ್ತಿಯಿಲ್ಲ, ಕಳಸವಿಲ್ಲ, ಕುಂಕುಮ ಹಚ್ಚಿದ ಕಲ್ಲೂ ಇಲ್ಲ. ಆದರೂ ಬಾಣಂತಿಯರು ಹೊಸ್ತಿಲು ದಾಟಿದ ಮೊದಲ ದಿನವೇ ಇಲ್ಲಿಗೆ ಬಂದು ಒಂದು ಗಿಂಡಿ ಹಾಲೆರೆದು, ಹಿಂದಿರುಗಿ ನೋಡದೆ ಹೋಗುತ್ತಾರೆ. ಸುತ್ತಲಿನವರಿಗೆ ಇದು ಹಾಲಮ್ಮನ ಕೆರೆ. ಹಾಲಮ್ಮನೆಂದರೆ ಎಲ್ಲಮ್ಮನ ತಂಗಿಯೋ, ದುರ್ಗವ್ವನ ಇನ್ನೊಂದು ರೂಪವೋ ಎಂದು ಹೊಸಬರು ಕೇಳುವುದುಂಟು. ಆಗ ಕೆರೆಯ ಮೂಡಣ ದಿಬ್ಬದ ಮೇಲಿನ ಊರಿನ ಹಿರಿಯರು, ಅದು ದೇವಿಯ ಹೆಸರಲ್ಲ, ಕಂಪನಿ ಸರ್ಕಾರದ ಒಬ್ಬ ಕಪ್ತಾನನ ಮನೆತನದ ಹೆಸರು ಎನ್ನುತ್ತಾರೆ.

ಹಿಂದೆ ಒಮ್ಮೆ, ಪೇಶವೆಯರ ಆಳ್ವಿಕೆ ಮುಗಿದು ಕಂಪನಿಯವರು ಬಂದ ಹೊಸತರಲ್ಲಿ, ಈಗ ನೀರು ನಿಂತ ತಗ್ಗಿನಲ್ಲಿ ನೇರಲಿಹಾಳ ಎಂಬ ಊರಿತ್ತು. ಊರ ಪಕ್ಕದ ಹಳ್ಳ ಮಳೆಗಾಲದಲ್ಲಿ ಸೊಕ್ಕಿ ಕೆಳಗಿನ ಹೊಲಗಳನ್ನು ಕೊಚ್ಚುತ್ತಿತ್ತು, ಬೇಸಿಗೆಯಲ್ಲಿ ಕೆಳಗಿನ ಊರುಗಳ ಗಂಟಲು ಒಣಗಿಸುತ್ತಿತ್ತು. ಗುಡ್ಡಗಳ ನಡುವೆ ಒಡ್ಡು ಹಾಕಿದರೆ ಕೆಳಗಿನವರೆಲ್ಲ ಬದುಕುತ್ತಾರೆಂದು ಮೇಲಿನ ಅಧಿಕಾರಿಗಳು ತೀರ್ಮಾನಿಸಿ, ದಂಡಿಗೆ ದಾರಿ ಸೇತುವೆ ಕಟ್ಟಿಸುತ್ತಿದ್ದ ಹಾಲಮ್ ಎಂಬ ಕಪ್ತಾನನನ್ನು ಕಳಿಸಿದರು. ಎತ್ತರದ ಆಳು, ಮಾತು ಕಡಿಮೆ, ಬಿಸಿಲಿಗೆ ಮುಖ ಕೆಂಪಡರಿದ್ದರೂ ಡೇರೆಯಲ್ಲಿ ಕೂರದೆ ಒಡ್ಡಿನ ಮೇಲೆಯೇ ನಿಲ್ಲುವವನು. ಆತನ ಜೊತೆಗೆ ಧಾರವಾಡದ ಕಡೆಯ ಅಣ್ಣಾಜಿರಾಯ ಎಂಬ ದುಭಾಷಿಯಿದ್ದ. ಕಪ್ತಾನನ ಮನಸ್ಸಿನೊಳಗಿನದು ನಮಗೆ ತಿಳಿದಿದ್ದರೆ ಅದು ಈ ಅಣ್ಣಾಜಿರಾಯನ ಬಾಯಿಂದ ಊರಿಗೆ ಬಂದು, ಊರಿನಿಂದ ನಮ್ಮವರೆಗೆ ಇಳಿದದ್ದು.

ಒಡ್ಡು ಏಳತೊಡಗಿದಂತೆ ನೇರಲಿಹಾಳದವರು ಅತ್ತು ಕರೆದು, ಕೊನೆಗೆ ತೊಲೆ ಬಾಗಿಲುಗಳನ್ನು ಕಿತ್ತುಕೊಂಡು ಮೂಡಣ ದಿಬ್ಬಕ್ಕೆ ಏರಿದರು. ಏರದೆ ಉಳಿದವಳು ತಂಗೆವ್ವ ಒಬ್ಬಳೇ. ಅವಳು ಊರಿನ ಸೂಲಗಿತ್ತಿ. ಆ ಊರಿನಲ್ಲಿ ಉಸಿರಾಡುತ್ತಿದ್ದ ಹೆಚ್ಚಿನವರು ಅವಳ ಕೈಯಲ್ಲಿಯೇ ಕಣ್ಣು ಬಿಟ್ಟವರು. ಅವಳಿಗೆ ಗಂಡನಿರಲಿಲ್ಲ, ಮಕ್ಕಳಿರಲಿಲ್ಲ. ಊರೆಲ್ಲ ನನ್ನ ಮಕ್ಕಳೇ ಎನ್ನುತ್ತಿದ್ದಳು. ಅವಳನ್ನು ಎಬ್ಬಿಸಲು ಹೋದ ಸಿಪಾಯಿಗಳು ಬೈಸಿಕೊಂಡು ಬಂದರು. ಆಗ ಕಪ್ತಾನನೇ ಅಣ್ಣಾಜಿರಾಯನನ್ನು ಕರೆದುಕೊಂಡು ಅವಳ ಮನೆಗೆ ಹೋದ. ತಂಗೆವ್ವ ಪಡಸಾಲೆಯಲ್ಲಿ ಜೋಳ ಬೀಸುತ್ತಿದ್ದಳು. ಬೀಸುಕಲ್ಲು ನಿಲ್ಲಿಸಲಿಲ್ಲ. ಬೀಸಿ ಮುಗಿಯುವವರೆಗೆ ಕಪ್ತಾನ ಕಂಬಕ್ಕೊರಗಿ ನಿಂತೇ ಇದ್ದನಂತೆ.

"ಈ ಊರಾಗ ಹುಟ್ಟಿದವರ ಹೊಕ್ಕಳಬಳ್ಳಿ ಎಲ್ಲಾ ಇಲ್ಲೇ ಅವರವರ ಹಿತ್ತಲದಾಗ ಹುಗದೀನಿ," ಎಂದಳು ತಂಗೆವ್ವ. "ಆ ಮಣ್ಣು ಇಲ್ಲೇ ಬಿಟ್ಟು ಹೋದ್ರ ದಿಬ್ಬದ ಮ್ಯಾಲೆ ಹುಟ್ಟೋ ಕೂಸಿಗೆ ನೆಲ ಒಲಿಯಂಗಿಲ್ಲ. ಒಂದೊಂದು ಹಿತ್ತಲದ್ದೂ ಒಂದೊಂದು ಬೊಗಸಿ ತಗೀಬೇಕು. ಎಲ್ಲಿ ಹುಗದೀನಿ ಅನ್ನೂದು ನನಗಷ್ಟೇ ಗೊತ್ತು. ಮಿರಗದ ಮಳಿ ತನಕಾ ಒಡ್ಡಿನ ಬಾಯಿ ಕಟ್ಟಬ್ಯಾಡ."

ಒಡ್ಡಿನ ನಡುವೆ ಹಳ್ಳ ಹರಿದುಹೋಗಲು ಒಂದು ಬಾಯಿ ಬಿಟ್ಟಿದ್ದರು. ಅದನ್ನು ಮುಚ್ಚುವುದೊಂದೇ ಉಳಿದ ಕೆಲಸ. ಕಪ್ತಾನ ಯೋಚಿಸಿ, ಆಗಲಿ, ಮೃಗಶಿರೆಯ ಮಳೆಯವರೆಗೆ ಮುಚ್ಚುವುದಿಲ್ಲ ಎಂದ. ಮುದುಕಿಗೆ ಅಷ್ಟು ಸಾಲಲಿಲ್ಲ. ಆಣೆ ಮಾಡು ಎಂದಳು. ಬಸವಣ್ಣನ ಮೇಲೆ ಆಣೆಯಿಡಲು ಅವನು ನಮ್ಮವನಲ್ಲ, ಅವನ ದೇವರ ಪರಿಚಯ ಇವಳಿಗಿಲ್ಲ. ಕೊನೆಗೆ ಕಪ್ತಾನ, ನನ್ನ ಮನೆತನದ ಹೆಸರಿನ ಮೇಲೆ ಆಣೆ ಎಂದ. ಅದೇನು ಹೆಸರು ಎಂದು ಅವಳು ಕೇಳಿದಳು. ಹಾಲಮ್ ಎಂದ. ತಂಗೆವ್ವ ಮೊದಲ ಸಲ ನಕ್ಕಳು.

"ಹಾಲಮ್ಮ? ಗಂಡಸಿಗೆ ಹೆಣ್ಣಿನ ಹೆಸರಿಟ್ಟಾರಲ್ಲೋ ತಮ್ಮಾ. ನಮ್ಮ ಕಡೆ ಅಡ್ಡಹೆಸರು ಅಂದ್ರ ಊರಿನ ಹೆಸರು. ನಿಂದೂ ಊರೇನು?"

"ಹೌದಂತ, ಊರಿನ ಹೆಸರೇ," ಎಂದ ಅಣ್ಣಾಜಿರಾಯ, ಕಪ್ತಾನನ ಮಾತು ಕೇಳಿ.

"ಆ ಊರಾಗ ಈಗ ಯಾರಿದ್ದಾರ?"

ಕಪ್ತಾನ ಅಣ್ಣಾಜಿರಾಯನಿಗೆ ತನ್ನ ಊರಿನ ಕಥೆ ಹೇಳಿದ. ಹಾಲಮ್ ಎಂಬುದು ಅವನ ನಾಡಿನ ಸಮುದ್ರದಂಚಿನ ಊರು. ಅಲ್ಲಿನ ಕಡಲು ದಂಡೆಯನ್ನು ವರ್ಷ ವರ್ಷ ತಿನ್ನುತ್ತ ಬಂದು ಮೊದಲು ಮೇವಿನ ಬಯಲು, ಆಮೇಲೆ ಇಗರ್ಜಿ ಮತ್ತು ಗೋರಿಗಳು, ಕಡೆಗೆ ಮನೆಗಳನ್ನು ನುಂಗಿಹಾಕಿತು. ಅವನ ಮುತ್ತಜ್ಜ ಕೊನೆಗೆ ಊರು ಬಿಟ್ಟವನು. ಹೆಗಲ ಮೇಲೊಂದು ಗಂಟು ಹೊತ್ತು ಒಳನಾಡಿಗೆ ಬಂದಾಗ, ನೀನು ಯಾರು ಎಂದು ಕೇಳಿದವರಿಗೆ, ಹಾಲಮ್‌ನವನು ಎಂದ. ಆ ಹೆಸರಿನ ಊರು ಆ ಹೊತ್ತಿಗೆ ಭೂಮಿಯ ಮೇಲಿರಲಿಲ್ಲ. ಹೆಸರು ಮಾತ್ರ ಅವನ ಬೆನ್ನಿಗೆ ಅಂಟಿಕೊಂಡಿತ್ತು. ಕಪ್ತಾನ ಚಿಕ್ಕವನಿದ್ದಾಗ ಅವನ ಅಜ್ಜಿ, ನಮ್ಮ ಹೆಸರಿನ ಕೆಳಗೆ ನೀರಿದೆ, ಅದರ ಮೇಲೆ ಸುಮ್ಮಸುಮ್ಮನೆ ಆಣೆಯಿಡಬೇಡ ಎಂದು ಹೇಳುತ್ತಿದ್ದಳಂತೆ. ಆ ಮಾತು ಅವನಿಗೆ ಈಗ ನೆನಪಾಯಿತು. ಆದರೆ ಆಣೆಯಿಟ್ಟಾಗಿತ್ತು. ಊರು ನೀರುಪಾಲಾಯಿತೆಂದು ಅಣ್ಣಾಜಿರಾಯ ಹೇಳಿದಾಗ ತಂಗೆವ್ವ ನಗು ನಿಲ್ಲಿಸಿ ಕಪ್ತಾನನನ್ನು ದಿಟ್ಟಿಸಿದಳು. "ಹಂಗಾರ ನಿನಗ ಬಿಡಿಸಿ ಹೇಳೂದು ಬ್ಯಾಡ," ಎಂದಳು. ಅವನಿಗೆ ಒಂದು ಬಟ್ಟಲು ಮಜ್ಜಿಗೆ ಕೊಟ್ಟಳು.

ಅಂದಿನಿಂದ ತಂಗೆವ್ವ ಮೋಟು ಗುದ್ದಲಿ ಹಿಡಿದು ಬರಿದಾದ ಹಿತ್ತಲುಗಳಲ್ಲಿ ಓಡಾಡುವುದು ಒಡ್ಡಿನ ಮೇಲಿಂದ ಕಾಣುತ್ತಿತ್ತು. ತೆಗೆದ ಮಣ್ಣನ್ನೆಲ್ಲ ತನ್ನ ಪಡಸಾಲೆಯಲ್ಲಿ ರಾಶಿ ಹಾಕುತ್ತಿದ್ದಳು. ಎಲ್ಲ ಕೂಡಿದ ಮೇಲೆ ಒಂದೇ ಸಲ ದಿಬ್ಬಕ್ಕೆ ಒಯ್ಯುವುದು ಅವಳ ಎಣಿಕೆ. ಆದರೆ ಆ ವರ್ಷ ಮೃಗಶಿರೆಗೂ ಮುಂಚಿನ ರೋಹಿಣಿ ಮಳೆಯೇ ಹುಚ್ಚೆದ್ದು ಬಂತು. ಪಡುವಣ ಗುಡ್ಡಗಳ ಮೇಲೆ ಮೋಡ ಒಡೆದು, ನಡುಹಗಲಿನಲ್ಲಿಯೇ ಕತ್ತಲು ಕವಿದು, ಹಳ್ಳ ಮರಗಳನ್ನು ಬುಡಸಹಿತ ಹೊತ್ತು ಇಳಿಯತೊಡಗಿತು. ಒಡ್ಡಿನ ತೆರೆದ ಬಾಯಿಯ ಎರಡು ಮಗ್ಗುಲಿನ ಹಸಿಮಣ್ಣು ಗುಡ್ಡೆ ಗುಡ್ಡೆಯಾಗಿ ಕಳಚತೊಡಗಿತು. ಬಾಯಿ ಹಾಗೆಯೇ ಇದ್ದರೆ ಸಂಜೆಯೊಳಗೆ ಇಡೀ ಒಡ್ಡು ಕಿತ್ತು ಕೆಳಗಿನ ಊರುಗಳ ಮೇಲೆ ಬೀಳುತ್ತಿತ್ತು. ಅಲ್ಲಿನವರಿಗೆ ಓಡುವ ವ್ಯವಧಾನವೂ ಇರುತ್ತಿರಲಿಲ್ಲ. ಮುಚ್ಚಬೇಕೆಂದು ಕೆಲಸದ ಹಿರಿಯರು ಕೈಮುಗಿದರು. ಕಪ್ತಾನ ನೇರಲಿಹಾಳದ ಕಡೆ ನೋಡಿದ. ಮಳೆಯಲ್ಲಿ ಏನೂ ಕಾಣಲಿಲ್ಲ. ಒಬ್ಬ ಸಿಪಾಯಿಯನ್ನು ಓಡಿಸಿದ. ತಂಗೆವ್ವ ತಲೆಯ ಮೇಲೆ ಬುಟ್ಟಿ ಹೊತ್ತು ದಿಬ್ಬದ ದಾರಿ ಹಿಡಿದದ್ದನ್ನು ಕಂಡೆವೆಂದು ಯಾರೋ ಹೇಳಿದ್ದನ್ನು ನಂಬಿ ಸಿಪಾಯಿ ಹಿಂದಿರುಗಿದ. ಬಾಯಿ ಕಟ್ಟಿರಿ ಎಂದ ಕಪ್ತಾನ.

ಅವಳು ದಿಬ್ಬದ ದಾರಿ ಹಿಡಿದದ್ದು ನಿಜ. ಮಳೆ ಕಂಡು ಅರ್ಧದಾರಿಯಿಂದ ತಿರುಗಿದ್ದಳು. ಪಡಸಾಲೆಯ ರಾಶಿ ಅವಳನ್ನು ಎಳೆದಿರಬೇಕು. ಮರುದಿನ ಬೆಳಕು ಹರಿದಾಗ ಗುಡ್ಡದಿಂದ ಗುಡ್ಡಕ್ಕೆ ನೀರು ಹರಡಿತ್ತು. ಅವಳ ಖಾಲಿ ಬುಟ್ಟಿ ಒಡ್ಡಿಗೆ ಬಂದು ತಾಗಿ ತಾಗಿ ತಿರುಗುತ್ತಿತ್ತು. ಕಪ್ತಾನ ಹರಿಗೋಲು ಹಾಕಿಸಿಕೊಂಡು ದಿನವಿಡೀ ಹುಡುಕಿದ, ಅವಳು ಸಿಗಲಿಲ್ಲ. ಕೆಳಗಿನ ಊರುಗಳವರು ಹೂವು ತೆಂಗಿನಕಾಯಿ ತಂದು, ನಮ್ಮನ್ನು ಉಳಿಸಿದಿರಿ ಎಂದು ಅವನ ಕಾಲಿಗೆ ಬಿದ್ದರು. ಅವನು ಅವರ ಮುಖ ನೋಡಲಿಲ್ಲ. ಅವನ ಮೇಲಧಿಕಾರಿಗಳು ಹಿಗ್ಗಿ ಕೆರೆಗೆ ಅವನ ಹೆಸರನ್ನೇ ಇಟ್ಟರು. ಬೇಡವೆಂದು ಅವನು ಬೇಡಿಕೊಂಡದ್ದು ಅವರಿಗೆ ವಿನಯದಂತೆ ಕಂಡಿತು.

ಆ ಮೇಲೆ ನಡೆದದ್ದನ್ನು ಹೇಳುವಾಗ ದಿಬ್ಬದವರು ಈಗಲೂ ದನಿ ತಗ್ಗಿಸುತ್ತಾರೆ. ನಸುಕಿನಲ್ಲಿ ನೀರಿಗೆ ಹೋದ ಹೆಂಗಸರಿಗೆ ಕೆರೆಯ ನಡುವಿನಿಂದ ಬೀಸುಕಲ್ಲಿನ ಗರಗರ ಸದ್ದು ಕೇಳಿಸತೊಡಗಿತು. ಆ ಸದ್ದು ನಿಂತ ಮೇಲೆ, ಬಾಗಿಲಲ್ಲಿ ನಿಂತು ಒಳಗಿನವರನ್ನು ಕೂಗಿದಂತೆ, ಮುದಿ ದನಿಯೊಂದು ಹಾಲಮ್ಮ, ಹಾಲಮ್ಮ ಎಂದು ಕರೆಯುತ್ತಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಅಳುವಿರಲಿಲ್ಲ; ಅದಕ್ಕೇ ಹೆಚ್ಚು ಭಯವಾಗುತ್ತಿತ್ತು ಎನ್ನುತ್ತಾರೆ. ಕಪ್ತಾನ ಡೇರೆಯಿಂದ ಎದ್ದುಬಂದು ನೀರಿನಂಚಿನಲ್ಲಿ ನಿಲ್ಲುತ್ತಿದ್ದ. ಅದು ಯಾರನ್ನು ಕರೆಯುತ್ತಿದೆಯೆಂದು ಅವನಿಗೂ ಅಣ್ಣಾಜಿರಾಯನಿಗೂ ಮಾತ್ರ ಗೊತ್ತಿತ್ತು. ಅದೇ ಮಳೆಗಾಲದಿಂದ ದಿಬ್ಬದ ಮೇಲೆ ಹುಟ್ಟಿದ ಕೂಸುಗಳು ಮೊಲೆ ಹಿಡಿಯದಾದವು. ತಾಯಂದಿರ ಎದೆಯಲ್ಲಿ ಹಾಲು ತುಂಬಿ ಕಲ್ಲಾಗುತ್ತಿತ್ತು. ಕೂಸು ಮುಖ ತಿರುಗಿಸಿ ಕೆರೆಯ ಕಡೆ ನೋಡುತ್ತ ಸೊರಗುತ್ತಿತ್ತು. ಒಂದಾದ ಮೇಲೊಂದು ಮಣ್ಣಾದವು. ಕಪ್ತಾನನಿಗೆ ಬೇರೆ ಕಡೆ ಹೋಗಲು ಅಪ್ಪಣೆ ಬಂದರೂ ಅವನು ಕದಲಲಿಲ್ಲ. ಸಿಪಾಯಿಗಳು ಹೆಸರು ಹಿಡಿದು ಸಲಾಮು ಹೇಳಿದರೆ ಬೆಚ್ಚಿಬೀಳುತ್ತಿದ್ದ. "ಆ ಹೆಸರು ನನ್ನದಲ್ಲ ರಾಯರೇ, ಅಡವಿಟ್ಟದ್ದು ಮುಳುಗಿತು," ಎಂದು ಒಮ್ಮೆ ಅಣ್ಣಾಜಿರಾಯನ ಮುಂದೆ ಅಂದನಂತೆ.

ಮುಂದಿನ ಬೇಸಿಗೆಯಲ್ಲಿ ನೀರು ಇಳಿದು ನೇರಲಿಹಾಳದ ಮೋಟುಗೋಡೆಗಳು ಮೇಲೆದ್ದವು. ಊರಿನವರು ದೂರದಿಂದ ನೋಡಿದರೇ ಹೊರತು ಯಾರೂ ಇಳಿಯಲಿಲ್ಲ. ಒಂದು ಮುಂಜಾನೆ ಸೂರ್ಯ ಹುಟ್ಟುವ ಹೊತ್ತಿಗೆ ಕಪ್ತಾನ ಸೊಂಟದ ಕತ್ತಿಯನ್ನು ಬಿಚ್ಚಿ ಒಡ್ಡಿನ ಮೇಲಿಟ್ಟು, ತಂಗೆವ್ವನ ಬುಟ್ಟಿಯನ್ನು ಎತ್ತಿಕೊಂಡು ಕೆಸರಿಗಿಳಿದ. ಅಣ್ಣಾಜಿರಾಯ ಅವಳ ಮನೆಯ ಬಾಗಿಲವರೆಗೆ ಹಿಂಬಾಲಿಸಿದ, ಒಳಗೆ ಕಾಲಿಡಲು ಧೈರ್ಯವಾಗಲಿಲ್ಲ. ಒಳಗೆ ಬೀಸುಕಲ್ಲು ತಿರುಗುತ್ತಿತ್ತು. ಕಪ್ತಾನ ಹೊಸ್ತಿಲು ದಾಟಿದ್ದೇ ತಡ ನಿಂತಿತು. ಪಡಸಾಲೆಯ ಮೂಲೆಯಲ್ಲಿ ಮಣ್ಣಿನ ರಾಶಿ ಹಾಗೆಯೇ ಇತ್ತು. ವರ್ಷವಿಡೀ ನೀರಿನಡಿಯಲ್ಲಿದ್ದ ಮಣ್ಣು, ಕರಗದೆ, ಕದಡದೆ, ಅವಳು ಬೊಗಸೆ ಬೊಗಸೆಯಾಗಿ ಸುರಿದ ಗುರುತಿನೊಂದಿಗೆ ನಿಂತಿತ್ತು. ಕಪ್ತಾನ ಮೊಣಕಾಲೂರಿ, ತನಗೆ ಬರುತ್ತಿದ್ದ ನಾಲ್ಕು ಮಾತಿನ ಕನ್ನಡದಲ್ಲಿ ಅಂದದ್ದನ್ನು ಅಣ್ಣಾಜಿರಾಯ ಕಿವಿಯಾರೆ ಕೇಳಿದ.

"ಅವ್ವಾ, ಹೆಸರು ನೀ ಇಟ್ಟುಕೋ. ಮಣ್ಣು ಕೊಡು."

ಕಪ್ತಾನ ಬುಟ್ಟಿ ತುಂಬಿ ತಲೆಯ ಮೇಲೆ ಹೊತ್ತು ಹೊರಬಂದ. ಬಿಸಿಲೇರಿ ಇಳಿಯುವವರೆಗೆ ಒಬ್ಬನೇ ಹೊತ್ತ. ನೆರವಿಗೆ ಬಂದವರನ್ನು ಹತ್ತಿರ ಬಿಡಲಿಲ್ಲ. ದಿಬ್ಬದ ಕೆಳಗೆ, ಒಡ್ಡಿನ ತುದಿಯಲ್ಲಿ ಆ ಮಣ್ಣನ್ನು ಸುರಿದು ಕೈಯಿಂದ ತಟ್ಟಿ ಕಟ್ಟೆ ಮಾಡಿದ. ಕಡೆಯ ಬುಟ್ಟಿ ಸುರಿಯುವ ಹೊತ್ತಿಗೆ ದಿಬ್ಬದ ಮೇಲಿನ ಒಂದು ಮನೆಯಿಂದ ಹೆಂಗಸರ ಗದ್ದಲ ಕೇಳಿಸಿತು. ಅಲ್ಲೊಂದು ಕೂಸು ಮೊಲೆ ಹಿಡಿದಿತ್ತು. ಆ ತಾಯಿ ಅದನ್ನು ಎತ್ತಿಕೊಂಡೇ ಓಡಿಬಂದು ಕಟ್ಟೆಯ ಮೇಲೆ ಹಾಲು ಹಿಂಡಿ, ನೀರಿನಿಂದ ಅಷ್ಟು ದಿನ ಕೇಳಿಸುತ್ತಿದ್ದ ಹೆಸರು ಹಿಡಿದು ಕೈಮುಗಿದಳು. ಹಾಲಮ್ಮ, ತಾಯಿ, ಎಂದಳು. ಕಪ್ತಾನ ಅವಳನ್ನು ತಿದ್ದಲಿಲ್ಲ. ಅಣ್ಣಾಜಿರಾಯ ಬಾಯಿ ತೆರೆಯಹೋದಾಗ ಅವನ ತೋಳು ಹಿಡಿದು ಸುಮ್ಮನಾಗಿಸಿದ. ಆಮೇಲೆ ನೀರಿನಿಂದ ಯಾರೂ ಯಾರನ್ನೂ ಕರೆಯಲಿಲ್ಲ.

ಕಪ್ತಾನ ನೌಕರಿ ಬಿಟ್ಟ. ಅವನನ್ನು ಕಡಲ ದಂಡೆಯ ಬಂದರಿನವರೆಗೆ ಕಳಿಸಿಬರಲು ಅಣ್ಣಾಜಿರಾಯ ಹೋಗಿದ್ದ. ಹಡಗು ಹತ್ತುವವರ ಹೆಸರು ಕೇಳುತ್ತಿದ್ದ ಕಾರಕೂನ ಇವನನ್ನೂ ಕೇಳಿದ. ಕಪ್ತಾನ ನಿಧಾನವಾಗಿ, ಒಂದೊಂದೇ ಅಕ್ಷರ ಒಡೆದು, "ನೇರಲಿಹಾಳ" ಎಂದ. ಕಾರಕೂನ ಕಿವಿಗೆ ಬಿದ್ದಷ್ಟನ್ನು ಗೀಚಿಕೊಂಡ. ಹಡಗು ಹೋಯಿತು. ಅದರಾಚೆ ಅವನಿಗೇನಾಯಿತೆಂದು ಯಾರಿಗೂ ತಿಳಿಯದು. ದಿಬ್ಬದವರು ತಮ್ಮ ಹೊಸ ಊರಿಗೆ ಹೆಸರಿಡಲಿಲ್ಲ. ಅದು ಇಂದಿಗೂ ಬರೀ ದಿಬ್ಬ. ನೇರಲಿಹಾಳ ಎಂಬುದನ್ನು ಅವರು ತಮ್ಮ ಅಡ್ಡಹೆಸರಾಗಿ ಹೊತ್ತುಕೊಂಡರು.

ಕೆಲವು ವರ್ಷಗಳ ಹಿಂದೆ ಸಮುದ್ರದಾಚೆಯಿಂದ ಒಬ್ಬ ವಯಸ್ಸಾದ ಹೆಂಗಸು ಬಂದಿದ್ದಳು. ಹಾಲಮ್ ಎಂಬುದು ಅವಳ ತಾಯಿಯ ತವರಿನ ಮನೆತನದ ಹೆಸರು. ಅದು ಎಲ್ಲಿಂದ ಬಂತು, ಅದರ ಒಂದು ಕವಲು ಎಲ್ಲಿ ಕಾಣೆಯಾಯಿತು ಎಂದು ಊರೂರು ತಿರುಗುತ್ತಿದ್ದಳು. ಅದು ವೈಶಾಖದ ಉರಿ. ಒಡ್ಡಿನ ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು, ಕೆರೆಯ ಅಂಗಳ ಬಿರಿದಿತ್ತು. ಹಿರಿಯರು ಕಥೆ ಹೇಳಿ ಮುಗಿಸಿ, ಕಟ್ಟೆಯ ಮೇಲೆ ಅಂಗೈ ಊರುವಂತೆ ಅವಳಿಗೆ ಹೇಳಿದರು. ನೋಡಲು ಬಂದ ಎಲ್ಲರಿಗೂ ಅವರು ಹಾಗೆಯೇ ಹೇಳುತ್ತಾರೆ. ಊರಿ ತೆಗೆದಾಗ ಅವಳ ಅಂಗೈ ಒದ್ದೆಯಾಗಿತ್ತು. ಆ ಮಣ್ಣು ಯಾವ ಬೇಸಿಗೆಯಲ್ಲೂ ಒಣಗಿದ್ದನ್ನು ಕಂಡವರಿಲ್ಲ.