ಬದನೆಕಾಯಿಯ ನಾಡಿ

ಶಿಷ್ಯ ಪಾಲಾಕ್ಷ ಕೇಳಿದ: "ಗುರುಗಳೇ, ನಮ್ಮ ತಾಯಿಗೆ ಎದೆಬಡಿತ ಆಗಾಗ ತಾಳ ತಪ್ಪುತ್ತದೆ. ನಾಡಿ ನೋಡಿ ಹೇಳುವ ಆ್ಯಪ್‌ಗಳು ಮೊಬೈಲಿನಲ್ಲಿ ರಾಶಿ ಬಿದ್ದಿವೆ. ಎಲ್ಲದಕ್ಕೂ ಜನ ನಕ್ಷತ್ರ ಕೊಟ್ಟು ಹೊಗಳಿದ್ದಾರೆ. ಒಳ್ಳೆಯದು ಯಾವುದೆಂದು ತಿಳಿಯುವುದು ಹೇಗೆ?"

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ವೈದ್ಯೆ ಇದ್ದಳು. ಹೊಳೆಯಾಚೆಯ ರೈತ ಹೆಂಗಸೊಬ್ಬಳಿಗೂ ನಿಮ್ಮಮ್ಮನದೇ ಕಾಯಿಲೆ. ಅವಳು ದಿನಾ ದೋಣಿ ಹತ್ತಿ ಬರಲಾರಳು. ಬರಲೇಬೇಕಾದ ದಿನ ಬರದಿದ್ದರೆ ಉಳಿಯಲಾರಳು. ಅವಳ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಡಬೇಕೆಂದು ವೈದ್ಯೆ ಹುಡುಕತೊಡಗಿದಳು.

ಸುದ್ದಿ ತಿಳಿದು ಒಬ್ಬ ವ್ಯಾಪಾರಿ ಬಂದ. ಅವನ ಆ್ಯಪ್ ನೋಡಲು ಬಲು ಚೆಂದ. ಕ್ಯಾಮೆರಾದ ಮೇಲೆ ಬೆರಳಿಟ್ಟರೆ ಸಾಕು, ನಾಡಿಯ ಲೆಕ್ಕ ಹೇಳಿ, 'ಆರೋಗ್ಯವಾಗಿದ್ದೀರಿ' ಎಂದು ಹೂಮಳೆ ಸುರಿಸುತ್ತಿತ್ತು. ವೈದ್ಯೆ ತನ್ನ ಬೆರಳಿಟ್ಟು ನೋಡಿದಳು. ಸರಿಯಾಗಿಯೇ ಹೇಳಿತು. ನಾನಾಗಿದ್ದರೆ ಅಷ್ಟಕ್ಕೇ ತಲೆದೂಗಿ ಕಳಿಸುತ್ತಿದ್ದೆ. ಅವಳು ಅಡುಗೆಮನೆಗೆ ಹೋಗಿ ಒಂದು ಬದನೆಕಾಯಿ ತಂದು ಕ್ಯಾಮೆರಾದ ಮೇಲಿಟ್ಟಳು. ಆ್ಯಪ್ ಅದಕ್ಕೂ ನಾಡಿ ಹೇಳಿ ಹೂಮಳೆ ಸುರಿಸಿತು.

"ಬದನೆಕಾಯಿಗೆ ಯಾರು ಡಾಕ್ಟರಮ್ಮ ನಾಡಿ ನೋಡುತ್ತಾರೆ?" ಎಂದ ವ್ಯಾಪಾರಿ.

"ಯಾರೂ ನೋಡುವುದಿಲ್ಲಪ್ಪ. ಮಧ್ಯಾಹ್ನ ಎಣ್ಣೆಗಾಯಿ ಆಗುವುದನ್ನೇ ಚೆನ್ನಾಗಿದೆ ಎನ್ನುವ ಇದು, ನನ್ನ ರೋಗಿಯನ್ನು ಯಾವತ್ತು ಚೆನ್ನಾಗಿಲ್ಲ ಅಂದೀತು?" ಎಂದಳು ವೈದ್ಯೆ.

ಆಮೇಲೆ ಕೈಗೆ ಸಿಕ್ಕ ಆ್ಯಪ್‌ಗಳಿಗೆಲ್ಲ ಮೊದಲು ಬೆರಳು, ಆಮೇಲೆ ಬದನೆಕಾಯಿ. ಕೊನೆಗೆ ಒಂದು, ಅಂದಚೆಂದ ಏನೂ ಇಲ್ಲದ್ದು, ಬೆರಳಿಗೆ ಸರಿಯಾಗಿ ಹೇಳಿ, ಬದನೆಕಾಯಿಗೆ 'ನಾಡಿ ಸಿಗುತ್ತಿಲ್ಲ, ವೈದ್ಯರನ್ನು ಕಾಣಿರಿ' ಎಂದಿತು. ವೈದ್ಯೆ ಅದನ್ನೇ ರೈತ ಹೆಂಗಸಿಗೆ ಕೊಟ್ಟಳು. ಒಂದು ಬೆಳಿಗ್ಗೆ ಅದು ಅವಳಿಗೂ, 'ನನಗೆ ತಿಳಿಯುತ್ತಿಲ್ಲ, ವೈದ್ಯರನ್ನು ಕಾಣಿರಿ' ಎಂದಿತು. ಅವಳು ಒಲೆ ಆರಿಸಿ ದೋಣಿ ಹತ್ತಿದಳು. ಅದಕ್ಕೇ ಬದುಕಿದಳು. ಆ ವೈದ್ಯೆಯನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯಬೇಕೆನಿಸುತ್ತದೆ. ಹತ್ತು ಜನ ಹೊಗಳಿದ್ದನ್ನು ತಾನೂ ಹೊಗಳುವುದು ಯಾರಿಗೆ ಬರುವುದಿಲ್ಲ?

ಪಾಲಾಕ್ಷನ ಮುಖ ಅರಳಿತು. ಜೇಬಿನಿಂದ ಮೊಬೈಲ್ ತೆಗೆದು, "ಆ ಆ್ಯಪ್‌ನ ಹೆಸರೊಂದು ಹೇಳಿಬಿಡಿ ಗುರುಗಳೇ, ಈಗಲೇ ಅಮ್ಮನಿಗೆ ಹಾಕಿಕೊಡುತ್ತೇನೆ" ಎಂದ.

ಗುರುಗಳು ಹೇಳಿದರು: "ನೀನು ಪರೀಕ್ಷೆ ಮಾಡದೆ ಕೊಟ್ಟರೆ, ಪರೀಕ್ಷೆ ನಿಮ್ಮಮ್ಮನ ಮೇಲೆ ನಡೆಯುತ್ತದೆ, ಪಾಲಾಕ್ಷ."